ಸರೋವರದ ತಳದ ಬುಗಾಟಿ ಮತ್ತು ತುಕ್ಕಿನ ಲೆಕ್ಕಾಚಾರ

ಹಳೆಯ ಕಾರಿಗೆ ಮರುಜೀವ ಕೊಡುವುದೆಂದರೆ ತುಕ್ಕು ಕೆರೆದು, ಬಣ್ಣ ಹೊಡೆದು, ಫಳಫಳ ಹೊಳೆಯಿಸುವುದು ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಾದರೆ 2010ರ ಜನವರಿಯಲ್ಲಿ ಪ್ಯಾರಿಸ್‌ನ ಹರಾಜಿನಲ್ಲಿ, ಅಂಚುಗಳೆಲ್ಲ ಉದುರಿಹೋದ ಒಂದು ಅಸ್ಥಿಪಂಜರಕ್ಕೆ 2,60,500 ಯೂರೋ ಸಿಕ್ಕಿದ್ದೇಕೆ? ಅದು ಫ್ರಾನ್ಸಿನ ಬುಗಾಟಿ ಕಂಪನಿಯ 1925ರ ಟೈಪ್ 22 ಕಾರು. ಏಳು ದಶಕಗಳಿಗೂ ಹೆಚ್ಚು ಕಾಲ ನೀರಿನಡಿ ಇದ್ದ ಗಾಡಿ.

ಸುಂಕ ಕಟ್ಟದ ಕಾರನ್ನು ನಾಶ ಮಾಡಬೇಕಾಗಿ ಬಂದ ಸ್ವಿಸ್ ಅಧಿಕಾರಿಗಳು 1930ರ ದಶಕದಲ್ಲಿ ಅಸ್ಕೋನಾ ಬಳಿ ಮಜೋರೆ ಸರೋವರಕ್ಕೆ ಅದನ್ನು ಸರಪಳಿ ಕಟ್ಟಿ ಇಳಿಬಿಟ್ಟರು ಎಂಬುದು ಪ್ರಚಲಿತ ಕಥೆ. ಸರಪಳಿ ಸವೆದು ತುಂಡಾದಾಗ ಕಾರು ಐವತ್ತು ಮೀಟರಿಗೂ ಆಳಕ್ಕೆ ಜಾರಿತು. 1967ರಲ್ಲಿ ಮುಳುಗುಗಾರರ ಕಣ್ಣಿಗೆ ಬಿತ್ತು. ಮೇಲೆ ಬಂದದ್ದು 2009ರ ಜುಲೈಯಲ್ಲಿ. ದಂತಕಥೆಗಳು ಇನ್ನೂ ಇವೆ, ಜೂಜಿನಲ್ಲಿ ಕಾರು ಸೋತವರ ಕಥೆಯೂ ಸೇರಿದಂತೆ. ನನಗೆ ಅವುಗಳಿಗಿಂತ ಎಂಜಿನ್ ರುಚಿಸುತ್ತದೆ. ಈ ಮಾದರಿಗೆ ‘ಬ್ರೆಶಿಯಾ’ ಎಂಬ ಅಡ್ಡಹೆಸರು ಬಂದದ್ದು 1921ರಲ್ಲಿ, ಇಟಲಿಯ ಆ ಊರಿನ ಸ್ಪರ್ಧೆಯಲ್ಲಿ ಬುಗಾಟಿಯ ಪುಟ್ಟ ಕಾರುಗಳು ಮೊದಲ ನಾಲ್ಕೂ ಸ್ಥಾನಗಳನ್ನು ಬಾಚಿಕೊಂಡಾಗ. ಸುಮಾರು ಒಂದೂವರೆ ಲೀಟರಿನ ನಾಲ್ಕು ಸಿಲಿಂಡರ್, ಒಂದೊಂದಕ್ಕೂ ನಾಲ್ಕು ವಾಲ್ವ್. ಎಂಜಿನ್ನಿನ ತಲೆಯ ಮೇಲೆ ತಿರುಗುತ್ತ ವಾಲ್ವ್‌ಗಳನ್ನು ತೆರೆಯಿಸುವ ದಂಡ, ಅಂದರೆ ಕ್ಯಾಮ್‌ಶಾಫ್ಟಿನ ಒತ್ತಡವನ್ನು ವಾಲ್ವ್‌ಗೆ ಒಯ್ಯುವ ಟ್ಯಾಪೆಟ್‌ಗಳು ಬಾಳೆಹಣ್ಣಿನಂತೆ ಬಾಗಿವೆ. ಅಷ್ಟು ಸಣ್ಣ ಕಾರಿಗೆ ಆ ಕಾಲದಲ್ಲಿ ಇದು ದುಂದುಗಾರಿಕೆಯೇ ಸರಿ!

ಇನ್ನು ತುಕ್ಕಿನ ವಿಷಯ. ‘ನೀರು ತಾಗಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ’ ಎಂಬುದು ಅರ್ಧಸತ್ಯ. ತುಕ್ಕು ಒಂದು ವಿದ್ಯುತ್ ವ್ಯವಹಾರ. ಕಬ್ಬಿಣದ ಪರಮಾಣು ಎಲೆಕ್ಟ್ರಾನ್ ಬಿಟ್ಟುಕೊಟ್ಟು ಅಯಾನ್ (ವಿದ್ಯುದಾವೇಶ ಹೊತ್ತ ಕಣ) ಆಗಿ ನೀರಿಗಿಳಿಯುತ್ತದೆ. ಆ ಎಲೆಕ್ಟ್ರಾನನ್ನು ನೀರಿನಲ್ಲಿ ಕರಗಿರುವ ಆಮ್ಲಜನಕ ಎತ್ತಿಕೊಳ್ಳಬೇಕು. ಎತ್ತಿಕೊಳ್ಳುವವರಿಲ್ಲದಿದ್ದರೆ ವ್ಯವಹಾರ ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತದೆ. ಕಾರು ಒಂದು ಮಗ್ಗುಲಾಗಿ ಬಿದ್ದಿತ್ತು. ನೀರಿಗೆ ತೆರೆದುಕೊಂಡ ಬದಿಯನ್ನು ಆಮ್ಲಜನಕ ವರ್ಷಗಟ್ಟಲೆ ಮೆಲ್ಲಗೆ ತಿಂದಿತು. ಕೆಸರಿನಲ್ಲಿ ಹುದುಗಿದ ಬದಿಗೆ ಅದು ಸರಿಯಾಗಿ ತಲುಪಲೇ ಇಲ್ಲ. ಕೆಸರೇ ಕಾವಲಾಯಿತು. ಸಮುದ್ರದ ಕೆಸರಾಗಿದ್ದರೆ ಈ ಮಾತು ಹೇಳುವಂತಿರಲಿಲ್ಲ, ಏಕೆಂದರೆ ಅಲ್ಲಿ ಧಾರಾಳವಾಗಿರುವ ಸಲ್ಫೇಟನ್ನು ಉಸಿರಾಟಕ್ಕೆ ಬಳಸುವ ಬ್ಯಾಕ್ಟೀರಿಯಾಗಳು ಆಮ್ಲಜನಕವಿಲ್ಲದೆಯೂ ಕಬ್ಬಿಣವನ್ನು ಕೊರೆಯುತ್ತವೆ.

ಸಿಹಿನೀರು ಇನ್ನೊಂದು ಉಪಕಾರವನ್ನೂ ಮಾಡಿತು. ಉಪ್ಪಿನ ಕ್ಲೋರೈಡ್ ಲೋಹದ ರಂಧ್ರಗಳಲ್ಲಿ ಅವಿತು, ಮೇಲೆತ್ತಿದ ಮೇಲೂ ಒಳಗಿನಿಂದ ಸಿಡಿಸುತ್ತದೆ. ಅಮೆರಿಕದ ಅಂತರ್ಯುದ್ಧದ ಜಲಾಂತರ್ಗಾಮಿ ಹನ್ಲಿ 1864ರಲ್ಲಿ ಚಾರ್ಲ್ಸ್ಟನ್ ಬಳಿ ಕಡಲಿನಲ್ಲಿ ಮುಳುಗಿತ್ತು. 2000ದಲ್ಲಿ ಎತ್ತಿದ ಮೇಲೆ ಅದನ್ನು ತೊಟ್ಟಿಯ ನೀರಿನಲ್ಲೇ ಇಟ್ಟರು. 2014ರಿಂದ ಕ್ಲೋರೈಡ್ ಹೊರತೆಗೆಯಲು ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಅದ್ದಿಟ್ಟರು. ನಮ್ಮ ಬುಗಾಟಿಯಾದರೋ ಒಣ ಸಭಾಂಗಣದಲ್ಲಿ ನಿಲ್ಲಬಲ್ಲದು.

ಹರಾಜಿನಲ್ಲಿ ಇದನ್ನು ಕೊಂಡ ಕಾರು ಸಂಗ್ರಾಹಕ ಪೀಟರ್ ಮಲ್ಲಿನ್ ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡ್‌ನ ತಮ್ಮ ಸಂಗ್ರಹಾಲಯದಲ್ಲಿ ಕಾರನ್ನು ಇದ್ದಂತೆಯೇ ನಿಲ್ಲಿಸಿದರು. ಅದು ಸೋಮಾರಿತನವಲ್ಲ, ಒಳ್ಳೆಯ ತೀರ್ಮಾನ. ಮತ್ತೆ ಬಳಸಲು ಯೋಗ್ಯವಾದದ್ದು ಐದರಲ್ಲೊಂದು ಪಾಲು ಎಂಬ ಅಂದಾಜಿತ್ತು. ಉಳಿದ ನಾಲ್ಕು ಪಾಲನ್ನು ಹೊಸದಾಗಿ ಎರಕ ಹೊಯ್ದು, ತಗಡು ಬಡಿದು ಮಾಡುವ ಕುಶಲಿಗಳು ಇಂದಿಗೂ ಇದ್ದಾರೆ. ಆದರೆ ಹಾಗೆ ಬರುವುದು ಹಳೆಯ ಚಾಸಿ ಸಂಖ್ಯೆ ಹೊತ್ತ ಹೊಸ ಕಾರು. ಕಾರನ್ನು ಮುಟ್ಟದೆ ಬಿಟ್ಟರೂ ಕೆಲಸ ಮುಗಿಯುವುದಿಲ್ಲ. ನೀರಿನಿಂದ ಹೊರಬಂದ ಲೋಹಕ್ಕೆ ಈಗ ಆಮ್ಲಜನಕ ಯಥೇಚ್ಛ, ಆದ್ದರಿಂದ ಅಯಾನ್ ಸಾಗಿಸುವ ತೇವವನ್ನು ತಡೆಯಬೇಕು. ಸರೋವರದಡಿ ಕೆಸರು ಮಾಡುತ್ತಿದ್ದ ಕಾವಲನ್ನು ಈಗ ಕೋಣೆಯ ಆರ್ದ್ರತೆಯನ್ನು ಹಗಲಿರುಳು ಇಳಿಸಿಡುವ ಯಂತ್ರವೇ ಮಾಡಬೇಕು.