ಏಳು ದಿನ ಅಂದರೆ ಏಳನೇ ದಿನ ಓಡಿಸಬಹುದು ಅಂತಲ್ಲ

"ಡಾಕ್ಟ್ರೇ, ಬ್ಯೂಟ್ ಕೊಟ್ಟು ಏಳು ದಿನ ಆಯ್ತು. ಭಾನುವಾರ ಓಡಿಸಬಹುದಲ್ಲ?" ಬ್ಯೂಟ್ ಅಂದರೆ ಕುದುರೆಗೆ ಕೊಡುವ ನೋವಿನ ಔಷಧ ಫಿನೈಲ್‌ಬ್ಯುಟಜೋನ್. ಎಂಡ್ಯೂರೆನ್ಸ್, ಅಂದರೆ ದೂರದ ಓಟದ ಸವಾರಿಯ ಋತು ಬಂತೆಂದರೆ ಈ ಪ್ರಶ್ನೆ ತಪ್ಪಿದ್ದಲ್ಲ. ಕೇಳುವವರು ಮೋಸಗಾರರಲ್ಲ, ಕುದುರೆಯನ್ನು ಮನೆಮಗನ ಹಾಗೆ ಸಾಕಿದವರು. ಸ್ಪರ್ಧೆಯ ಹೊತ್ತಿಗೆ ಇಂಥ ಔಷಧ ಕುದುರೆಯ ಮೈಯಲ್ಲಿ ಇರಬಾರದೆಂದು ಗೊತ್ತಿದೆ. ಯಾವ ಔಷಧ ಎಷ್ಟು ಹೊತ್ತು ಪತ್ತೆಯಾಗುತ್ತದೆ ಎನ್ನುವ ಪಟ್ಟಿ ನೋಡಿದ್ದಾರೆ, ದಿನ ಎಣಿಸಿದ್ದಾರೆ. ಎಣಿಸಿದ್ದರಲ್ಲಿ ತಪ್ಪಿಲ್ಲ, ಆ ಪಟ್ಟಿ ಏನು ಹೇಳುತ್ತದೆ ಎಂದು ಅರ್ಥ ಮಾಡಿಕೊಂಡದ್ದರಲ್ಲಿ ತಪ್ಪಿದೆ. ಎಷ್ಟು ಸಲ ಹೇಳಿದರೂ ಇದೊಂದು ಮಾತು ತಲೆಗೆ ಇಳಿಯುವುದಿಲ್ಲ. ಹಾಗಾಗಿ ಇಲ್ಲಿ ವಿವರವಾಗಿಯೇ ಬರೆಯುತ್ತೇನೆ.

ಅಂತಾರಾಷ್ಟ್ರೀಯ ಅಶ್ವಾರೋಹಣ ಒಕ್ಕೂಟ, ಅಂದರೆ ಎಫ್‌ಇಐ, ಫಿನೈಲ್‌ಬ್ಯುಟಜೋನ್‌ಗೆ 168 ಗಂಟೆ, ಇನ್ನೊಂದು ನೋವಿನ ಔಷಧ ಫ್ಲುನಿಕ್ಸಿನ್‌ಗೆ 144 ಗಂಟೆ ಎಂದು ಪ್ರಕಟಿಸಿದೆ. ಇದು ಪತ್ತೆ ಅವಧಿ. ಇದನ್ನು ಕಂಡುಕೊಂಡದ್ದು ಹೀಗೆ: ಆರೋಗ್ಯವಾಗಿರುವ ಬೆರಳೆಣಿಕೆಯ ಕುದುರೆಗಳಿಗೆ ಗೊತ್ತಾದ ಕಂಪನಿಯ ಔಷಧವನ್ನು ಗೊತ್ತಾದ ಪ್ರಮಾಣದಲ್ಲಿ ಕೊಟ್ಟರು. ಇಷ್ಟು ಗಂಟೆ ಕಳೆದ ಮೇಲೆ ಆ ಕುದುರೆಗಳ ರಕ್ತ, ಮೂತ್ರದ ಮಾದರಿಯಲ್ಲಿ ಔಷಧ ಸಿಗಲಿಲ್ಲ. ಆ ಸಂಖ್ಯೆಗೆ ಇದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ನಿಮ್ಮ ಕುದುರೆ ಆ ಗುಂಪಿನಲ್ಲಿರಲಿಲ್ಲ. ಅದರ ವಯಸ್ಸು, ತೂಕ, ಮೂತ್ರಪಿಂಡದ ಸ್ಥಿತಿ, ಕೊಟ್ಟ ಡೋಸ್, ಕೊಟ್ಟ ದಿನಗಳು, ಯಾವುದೂ ಆ ಲೆಕ್ಕದಲ್ಲಿಲ್ಲ. ಸ್ಪರ್ಧೆಗೆ ಎಷ್ಟು ಮೊದಲು ಔಷಧ ನಿಲ್ಲಿಸಬೇಕು ಎನ್ನುವ ಬಿಡುವಿನ ಅವಧಿಯೇ ಬೇರೆ. ಪತ್ತೆ ಅವಧಿಯ ಮೇಲೆ ಸುರಕ್ಷತೆಗೆಂದು ಇನ್ನಷ್ಟು ದಿನ ಸೇರಿಸಿ ಅದನ್ನು ನಿರ್ಧರಿಸುವವರು ಚಿಕಿತ್ಸೆ ಕೊಟ್ಟ ವೈದ್ಯರು. ಅದನ್ನು ಒಕ್ಕೂಟ ಪ್ರಕಟಿಸುವುದಿಲ್ಲ, ಪ್ರಕಟಿಸಲು ಸಾಧ್ಯವೂ ಇಲ್ಲ.

"ಆರು ಗಂಟೆಯಲ್ಲಿ ಅರ್ಧ ಹೋಗುತ್ತದಂತೆ, ಒಂದು ದಿನಕ್ಕೆ ಎಲ್ಲ ಖಾಲಿ" ಎನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. 450 ಕೆ.ಜಿ. ಕುದುರೆಗೆ ಕೆ.ಜಿ.ಗೆ 4.4 ಮಿಲಿಗ್ರಾಂನಂತೆ ಸುಮಾರು 2 ಗ್ರಾಂ ಬ್ಯೂಟ್ ಹೋಯಿತು. ಆರು ಗಂಟೆಗೊಮ್ಮೆ ಅರ್ಧವಾದರೆ 24 ಗಂಟೆಗೆ ಹದಿನಾರನೇ ಒಂದು ಪಾಲು, ಅಂದರೆ 125 ಮಿಲಿಗ್ರಾಂ ಇನ್ನೂ ಮೈಯಲ್ಲಿದೆ. ಪ್ರಯೋಗಾಲಯದವರು ಅಳೆಯುವುದು ನ್ಯಾನೋಗ್ರಾಂನಲ್ಲಿ, ಒಂದು ಗ್ರಾಂಗೆ ನೂರು ಕೋಟಿ ನ್ಯಾನೋಗ್ರಾಂ. ಸಾಲದ್ದಕ್ಕೆ ಬ್ಯೂಟ್ ಪಿತ್ತಜನಕಾಂಗದಲ್ಲಿ ಆಕ್ಸಿಫೆನ್‌ಬ್ಯುಟಜೋನ್ ಆಗುತ್ತದೆ, ಅದೂ ಪರೀಕ್ಷೆಯಲ್ಲಿ ಸಿಗುತ್ತದೆ. ಪುಡಿಯನ್ನು ಬೂಸಾಕ್ಕೆ ಕಲಸಿ ಕೊಟ್ಟರೆ ಒಂದಷ್ಟು ಭಾಗ ಹುಲ್ಲಿನ ನಾರಿಗೆ ಅಂಟಿಕೊಂಡು ದೊಡ್ಡ ಕರುಳಿನವರೆಗೂ ಹೋಗಿ, ಅಲ್ಲಿ ಬಿಡಿಸಿಕೊಂಡು ತಡವಾಗಿ ರಕ್ತ ಸೇರುತ್ತದೆ. ಹಾಗಾಗಿ "ಕೊನೆಯ ಡೋಸ್ ಸೋಮವಾರ" ಎಂದು ನೀವು ಬರೆದಿಟ್ಟರೂ ಕುದುರೆಯ ಮೈಯಲ್ಲಿ ಸೋಮವಾರ ಸೋಮವಾರಕ್ಕೇ ಮುಗಿಯುವುದಿಲ್ಲ.

ಇನ್ನೊಂದು ವಿಷಯವನ್ನು ಯಾರೂ ಗಮನಿಸುವುದಿಲ್ಲ. ಔಷಧ ತಿಂದ ಕುದುರೆಯ ಮೂತ್ರ ಲಾಯದ ಒಣಹುಲ್ಲಿಗೆ ಇಳಿಯುತ್ತದೆ. ಕುದುರೆ ಬೇಸರಕ್ಕೆ ಅದೇ ಹುಲ್ಲನ್ನು ಮೂಸಿ, ಕೆದಕಿ, ಎರಡು ಎಳೆ ಅಗಿಯುತ್ತದೆ. ಹೊರಗೆ ಹೋದ ಔಷಧ ಬಾಯಿಯ ದಾರಿಯಲ್ಲಿ ಮತ್ತೆ ಒಳಗೆ ಬಂತು! ಫ್ಲುನಿಕ್ಸಿನ್ ವಿಷಯದಲ್ಲಿ ಇದು ಪರೀಕ್ಷಿಸಿ ಕಂಡುಕೊಂಡ ಸಂಗತಿ. ಗೊರಸಿನ ತೊಂದರೆಗೆ ಕೊಡುವ ಐಸಾಕ್ಸುಪ್ರಿನ್ ಅಂತೂ ಗೋಡೆಯ ದೂಳಿನಲ್ಲೂ ಬಹಳ ದಿನ ಉಳಿಯುತ್ತದೆ. ಚಿಕಿತ್ಸೆ ಮುಗಿದ ದಿನವೇ ಹಾಸು ಪೂರ್ತಿ ತೆಗೆದು, ನೆಲ, ಗೋಡೆ, ಗೋದಲಿ, ನೀರಿನ ಬಕೆಟ್ಟು ತೊಳೆದು ಒಣಗಿಸಿ. ಆಗದಿದ್ದರೆ ಕುದುರೆಯನ್ನು ಬೇರೆ ಲಾಯಕ್ಕೆ ಕಟ್ಟಿ. ಔಷಧ ಕಲಸಿದ ಬಕೆಟ್ಟಿಗೆ ಕೆಂಪು ಬಣ್ಣ ಹಚ್ಚಿ, ಅದರಲ್ಲಿ ಬೇರೆ ಕುದುರೆಗೆ ಮೇವು ಕೊಡಬೇಡಿ. ಮನುಷ್ಯರು ಲಾಯದೊಳಗೆ ಮೂತ್ರ ಮಾಡಬಾರದು ಎನ್ನುವುದೂ ಇದಕ್ಕೇ. ನೀವು ನುಂಗಿದ ನೋವಿನ ಮಾತ್ರೆ ಕುದುರೆಯ ಮಾದರಿಯಲ್ಲಿ ಸಿಕ್ಕಬಹುದು.

"ಇದು ಗಿಡಮೂಲಿಕೆ, ಏನೂ ಆಗಲ್ಲ" ಎನ್ನುವುದು ಎರಡನೇ ತಪ್ಪು. ನಮ್ಮ ಅಡುಗೆಮನೆಯ ಮೆಣಸಿನಕಾಯಿಯನ್ನೇ ತಗೊಳ್ಳಿ. ಅದರ ಖಾರದ ಅಂಶ ಕ್ಯಾಪ್ಸೈಸಿನ್. 2008ರ ಒಲಿಂಪಿಕ್ಸ್‌ನ ಕುದುರೆ ಸ್ಪರ್ಧೆಗಳು ಹಾಂಗ್‌ಕಾಂಗ್‌ನಲ್ಲಿ ನಡೆದಾಗ ಕುದುರೆಯಲ್ಲಿ ಇದು ಸಿಕ್ಕಿ ನಾರ್ವೆಯ ಷೋಜಂಪಿಂಗ್ ತಂಡ ಕಂಚಿನ ಪದಕ ಕಳೆದುಕೊಂಡಿತು. ಗಸಗಸೆಯಲ್ಲಿ ಮಾರ್ಫಿನ್ ಇದೆ, ಕೋಕೋ ಸಿಪ್ಪೆಯಲ್ಲಿ ಥಿಯೋಬ್ರೊಮಿನ್ ಇದೆ, ಹುಲ್ಲಿನ ಜೊತೆ ಕೊಯ್ದು ಬಂದ ದತ್ತೂರದಲ್ಲಿ ಅಟ್ರೊಪಿನ್ ಇದೆ. ಕೊಲ್ಲಿ ದೇಶಗಳ ಲಾಯಗಳಲ್ಲಿ ದುಡಿಯುವವರಲ್ಲಿ ನಮ್ಮ ಉಪಖಂಡದ ಹುಡುಗರೇ ಬಹಳ. ಬೆನ್ನುನೋವಿಗೆ ಮುಲಾಮು ತಿಕ್ಕಿಕೊಂಡು ಅದೇ ಕೈಯಲ್ಲಿ ಕಡಿವಾಣ ಹಾಕಿದರೆ ಅಪಾಯ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಮಾದರಿ ಪಾಸಿಟಿವ್ ಬಂದಾಗ ಮಾತ್ರ ಎಲ್ಲರ ಬೆರಳೂ ಅವರ ಕಡೆಗೇ. ಇದು ಅನ್ಯಾಯ. ಒಂದು ಜೊತೆ ಕೈಗವಸು, ಸೋಪು, ಅವರ ಭಾಷೆಯಲ್ಲೇ ಹತ್ತು ನಿಮಿಷದ ಮಾತು, ಇಷ್ಟು ಕೊಡುವುದು ಯಜಮಾನರ ಕೆಲಸ. ನಿಯಮವೂ ಹುಡುಗನನ್ನಲ್ಲ, ಸವಾರರನ್ನು ಅಥವಾ ತರಬೇತುದಾರರನ್ನೇ ಹೊಣೆ ಮಾಡುತ್ತದೆ. ಬೇಕೆಂದೇ ಕೊಟ್ಟಿರೋ, ಗೊತ್ತಿಲ್ಲದೆ ಸೇರಿತೋ ಎಂಬ ಪ್ರಶ್ನೆ ಶಿಕ್ಷೆಯ ಪ್ರಮಾಣಕ್ಕೆ ಬರಬಹುದು. ಫಲಿತಾಂಶವನ್ನು ಅದು ಉಳಿಸುವುದಿಲ್ಲ.

ಇಷ್ಟು ಬಿಗಿ ಯಾಕೆ ಎಂದು ಕೋಪಿಸಿಕೊಳ್ಳುವವರು ಈ ಸ್ಪರ್ಧೆಯ ರೀತಿಯನ್ನು ಯೋಚಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ 1955ರಲ್ಲಿ ವೆಂಡೆಲ್ ರೋಬಿ ಶುರು ಮಾಡಿದ ಟೆವಿಸ್ ಸವಾರಿ ಸಿಯೆರಾ ನೆವಾಡಾ ಬೆಟ್ಟಗಳನ್ನು ದಾಟಿ ಆಬರ್ನ್ ಊರು ಮುಟ್ಟುತ್ತದೆ, 24 ಗಂಟೆಯಲ್ಲಿ 100 ಮೈಲಿ. ಇಂಥ ದಾರಿಯಲ್ಲಿ ಕುದುರೆಯ ಪರವಾಗಿ ಮಾತಾಡುವುದು ಎರಡೇ: ದಾರಿಯ ನಡುವೆ ವೈದ್ಯರು ಕುದುರೆಯನ್ನು ನೋಡುವ ತಪಾಸಣೆ ಗೇಟಿನಲ್ಲಿ ಇಳಿಯಬೇಕಾದ ನಾಡಿ (ಎಫ್‌ಇಐ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 64), ಮತ್ತು ವೈದ್ಯರ ಮುಂದೆ ಟ್ರಾಟ್, ಅಂದರೆ ನಿಧಾನದ ಓಟ, ಮಾಡಿಸಿದಾಗ ಕಾಣುವ ಕುಂಟು. ನೋವಿನ ಔಷಧ ಕುಂಟನ್ನು ಮುಚ್ಚುತ್ತದೆ, ಜೈಲಜೀನ್‌ನಂಥ ಮತ್ತಿನ ಔಷಧ ನಾಡಿಯನ್ನು ಇಳಿಸುತ್ತದೆ. ತಪಾಸಣೆ ಮಾಡುವವರಿಗೆ ಎಲ್ಲ ಸರಿ ಕಾಣುತ್ತದೆ. ಬಿಸಿಲಲ್ಲಿ ಗಂಟೆಗೆ ಹತ್ತು ಲೀಟರಿಗೂ ಹೆಚ್ಚು ಬೆವರು ಹೋಗಬಹುದು. ಹಾಗೆ ನೀರಾರಿದ ಮೈಗೆ ಬ್ಯೂಟ್ ಸೇರಿದ್ದರೆ ಮೂತ್ರಪಿಂಡಕ್ಕೆ ಹೋಗುವ ರಕ್ತ ಇನ್ನೂ ಕಡಿಮೆಯಾಗಿ ಅದರ ಒಳಭಾಗವೇ ಸಾಯತೊಡಗುತ್ತದೆ, ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ಪಕ್ಕದ ಸವಾರರಿಗೆ ಆಗುವ ಮೋಸ ದೊಡ್ಡದೇ. ಅದಕ್ಕಿಂತ ಮೊದಲು ಮೋಸ ಹೋಗುವುದು ನಿಮ್ಮನ್ನು ಹೊತ್ತ ಪ್ರಾಣಿ.

ಔಷಧದ ಡೈರಿಯಲ್ಲಿ ದಿನಾಂಕದ ಜೊತೆ ಗಂಟೆ, ಔಷಧದ ಹೆಸರು, ಮಿಲಿಗ್ರಾಂ, ಕೊಟ್ಟ ದಾರಿ, ಕೊಟ್ಟವರ ಹೆಸರು, ಬಾಟಲಿಯ ಬ್ಯಾಚ್ ನಂಬರ್ ಎಲ್ಲ ಇರಲಿ. ಪಟ್ಟಿ ಬದಲಾಗುತ್ತಿರುತ್ತದೆ, ಒಂದು ಸಂಸ್ಥೆ ಒಪ್ಪಿದ ಔಷಧವನ್ನು ಇನ್ನೊಂದು ಒಪ್ಪಿರಬೇಕೆಂದಿಲ್ಲ. ಆದ್ದರಿಂದ ನೀವು ಹೋಗುವ ಸ್ಪರ್ಧೆಯ ಈ ವರ್ಷದ ನಿಯಮವನ್ನೇ ಓದಿ. ಬಿಡುವಿನ ಅವಧಿಯನ್ನು ವೈದ್ಯರಿಂದ ಬರೆಸಿಕೊಳ್ಳಿ. ಫೋನಿನಲ್ಲಿ ಕೇಳಿ ನೆನಪಿಟ್ಟುಕೊಂಡದ್ದು ವಿಚಾರಣೆಗೆ ಉಪಯೋಗಕ್ಕೆ ಬರುವುದಿಲ್ಲ. ಹೊಸ ಚೀಲದ ಮೇವು ಒಡೆದಾಗ ಎರಡು ಹಿಡಿ ತೆಗೆದು, ಚೀಲದ ಲೇಬಲ್ ಸಮೇತ ಒಣ ಡಬ್ಬಿಯಲ್ಲಿ ಮುಚ್ಚಿಡಿ. ನಾಳೆ ಮಾದರಿಯಲ್ಲಿ ಅಟ್ರೊಪಿನ್ ಬಂತೆಂದರೆ, ಅದು ಮೇವಿನಿಂದ ಬಂತು ಎಂದು ತೋರಿಸಲು ನಿಮ್ಮ ಹತ್ತಿರ ಇರುವುದು ಆ ಡಬ್ಬಿಯೊಂದೇ.