ಕರೆಯ ಬದಿಯಲ್ಲಿ ಎಲ್ಲಿ ನಿಲ್ಲಬೇಕು? ಕಂಬಳದ ಛಾಯಾಗ್ರಹಣ ಕಲಿಯುವವರಿಗೆ ಒಂದು ಟಿಪ್ಪಣಿ

ನವೆಂಬರ್ ಬಂತೆಂದರೆ ನನ್ನ ಎಷ್ಟೋ ಶುಕ್ರವಾರದ ರಾತ್ರಿಗಳು ಶಿರಾಡಿ ಘಾಟಿ ಇಳಿಯುವ ಬಸ್ಸಿನಲ್ಲಿ ಕಳೆಯುತ್ತವೆ. ಶನಿವಾರ ಬೆಳಿಗ್ಗೆ ಮೂಡುಬಿದಿರೆ, ಮುಲ್ಕಿ, ಪುತ್ತೂರು ಅಥವಾ ಮಿಯ್ಯಾರು, ಯಾವ ಊರಿನಲ್ಲಿ ಕಂಬಳವೋ ಅಲ್ಲಿಗೆ. ಭಾನುವಾರ ಮಧ್ಯಾಹ್ನದ ನಂತರ ಬಸದಿ, ಬೆಟ್ಟ ಅಥವಾ ಕಡಲತೀರ. ರಾತ್ರಿ ಮತ್ತೆ ಬಸ್ಸು. ಈ ಓಡಾಟದಲ್ಲಿ ಕಲಿತದ್ದನ್ನು, ಈಗಷ್ಟೇ ಕ್ಯಾಮೆರಾ ಹಿಡಿದವರಿಗೆ ಉಪಯೋಗವಾಗಲೆಂದು ಬರೆದಿಡುತ್ತಿದ್ದೇನೆ. ಶಟರ್, ಐಎಸ್ಒ, ಅಪರ್ಚರ್ ಅಂದರೇನು ಎಂದು ನಿಮಗೆ ಗೊತ್ತಿದೆ ಎಂದುಕೊಂಡಿದ್ದೇನೆ. ನಾನು ಹೇಳಹೊರಟಿರುವುದು ಅದಕ್ಕೂ ಮೊದಲಿನ ಪ್ರಶ್ನೆ: ಎಲ್ಲಿ ನಿಲ್ಲಬೇಕು? ಓಟದ ಚಿತ್ರದಲ್ಲಿ ಉಳಿದ ಲೆಕ್ಕವೆಲ್ಲ ಈ ಉತ್ತರದಿಂದಲೇ ಹೊರಡುತ್ತದೆ.

ಮೊದಲು ಕಣವನ್ನು ತಿಳಿದುಕೊಳ್ಳೋಣ. ಕೋಣಗಳು ಓಡುವ ಕೆಸರು ನೀರಿನ ಉದ್ದನೆಯ ಹಾದಿಗೆ ಕರೆ ಎನ್ನುತ್ತಾರೆ. ಅಕ್ಕಪಕ್ಕ ಎರಡು ಹಾದಿಗಳಿದ್ದರೆ ಜೋಡುಕರೆ. ಒಂದೊಂದು ಕರೆಗೂ ಒಂದೊಂದು ಹೆಸರು: ಮೂಡುಬಿದಿರೆಯದು ಕೋಟಿ-ಚೆನ್ನಯ ಜೋಡುಕರೆ, ಮಿಯ್ಯಾರಿನದು ಲವ-ಕುಶ. ಓಟ ಶುರುವಾಗುವ ತುದಿ ಗಂತು, ಮುಗಿಯುವ ತುದಿ ಮಂಜೊಟ್ಟಿ. ಓಟದಲ್ಲಿ ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ, ಅಡ್ಡ ಹಲಗೆ, ಕನೆ ಹಲಗೆ ಎಂಬ ವಿಭಾಗಗಳಿವೆ. ಇವುಗಳನ್ನು ಬಾಯಿಪಾಠ ಮಾಡಿದರೆ ಸಾಲದು. ಹಗ್ಗ, ನೇಗಿಲು ವಿಭಾಗಗಳಲ್ಲಿ ಮನುಷ್ಯ ಕೋಣಗಳ ಹಿಂದೆ ಓಡುತ್ತಾನೆ, ಹಲಗೆ ವಿಭಾಗಗಳಲ್ಲಿ ಅವನು ಕೋಣಗಳು ಎಳೆಯುವ ಹಲಗೆಯ ಮೇಲೆ ನಿಂತಿರುತ್ತಾನೆ. ವಿಭಾಗ ಬದಲಾದಾಗ ಚಿತ್ರದ ಕೇಂದ್ರವೂ ಬದಲಾಗುತ್ತದೆ, ನೀವು ನಿಲ್ಲುವ ಜಾಗವೂ ಬದಲಾಗಬೇಕು.

ಈಗ ವೇಗದ ಮಾತು. 2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಮುಟ್ಟಿದರು. ಪತ್ರಿಕೆಗಳು ಅದನ್ನು 100 ಮೀಟರ್‌ಗೆ ಇಳಿಸಿ ಒಲಿಂಪಿಕ್ ಓಟಗಾರರ ಜೊತೆ ಹೋಲಿಸಿದವು. ಕೋಣಗಳ ಎಳೆತ ಜೊತೆಗಿರುವ ಓಟವನ್ನು ಒಣ ಟ್ರ್ಯಾಕಿನ ಓಟದೊಂದಿಗೆ ಹೋಲಿಸುವುದು ಎರಡಕ್ಕೂ ನ್ಯಾಯವಲ್ಲ ಎಂದು ನನಗನ್ನಿಸುತ್ತದೆ. ಆದರೆ ನಮ್ಮ ಕೆಲಸಕ್ಕೆ ಈ ಅಂಕಿ ಬಹಳ ಬೇಕಾದದ್ದು. ಭಾಗಿಸಿ ನೋಡಿ: ಸೆಕೆಂಡಿಗೆ ಸುಮಾರು 10.5 ಮೀಟರ್. ಒಳ್ಳೆಯ ಜೋಡಿಯ ವೇಗ ಎಂದು ಇದನ್ನೇ ಇಟ್ಟುಕೊಳ್ಳೋಣ.

ಕರೆಗೆ ನೇರ ಅಡ್ಡವಾಗಿ ಬದಿಯಲ್ಲಿ ನಿಂತಿದ್ದೀರಿ, ಫ್ರೇಮಿನಲ್ಲಿ 6 ಮೀಟರ್ ಅಗಲದ ದೃಶ್ಯ ಹಿಡಿಯುತ್ತಿದೆ, ಚಿತ್ರ 6000 ಪಿಕ್ಸೆಲ್ ಅಗಲ ಎಂದುಕೊಳ್ಳಿ. ಆಗ 1 ಪಿಕ್ಸೆಲ್ ಎಂದರೆ 1 ಮಿಲಿಮೀಟರ್. 1/1000 ಸೆಕೆಂಡಿನಲ್ಲಿ ಕೋಣ ಚಲಿಸುವುದು 10.5 ಮಿಲಿಮೀಟರ್, ಅಂದರೆ ಚಿತ್ರದಲ್ಲಿ 10 ಪಿಕ್ಸೆಲ್‌ನಷ್ಟು ಎಳೆದ ಗುರುತು. ಮುಂದಕ್ಕೆ ಬೀಸುವ ಗೊರಸು ಮೈಗಿಂತಲೂ ವೇಗವಾಗಿ ಹೋಗುವುದರಿಂದ ಅಲ್ಲಿ ಇನ್ನೂ ಹೆಚ್ಚು. 1/1000 ಇಟ್ಟರೆ ಎಲ್ಲವೂ ಕಲ್ಲಿನಂತೆ ನಿಲ್ಲುತ್ತದೆ ಎಂದು ನಾನು ಮೊದಲ ಎರಡು ಕಂಬಳಗಳಲ್ಲಿ ನಂಬಿದ್ದೆ. ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿದರೆ ಒಂದು ಕಣ್ಣೂ ಚೂಪಾಗಿರಲಿಲ್ಲ. ತಪ್ಪು ಲೆನ್ಸಿನದಲ್ಲ, ನಿಂತ ಜಾಗದ್ದು. ಬದಿಯಿಂದ ತೆಗೆಯುವುದಾದರೆ ಹಗಲಿನಲ್ಲಿ 1/2000ಕ್ಕಿಂತ ಕೆಳಗೆ ಬರಬೇಡಿ, ಇಲ್ಲವಾದರೆ ಮುಂದೆ ಹೇಳುವ ಪ್ಯಾನಿಂಗ್ ಮಾಡಿ.

ಅದೇ ಕೋಣ ನಿಮ್ಮ ಕಡೆಗೇ ನೇರವಾಗಿ ಓಡಿ ಬರುತ್ತಿದ್ದರೆ? ಅಡ್ಡ ಚಲನೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮೈ 1/800ರಲ್ಲೂ ಚೂಪಾಗಿ ಬರುತ್ತದೆ, ಮೇಲೆ ಕೆಳಗೆ ಆಡುವ ಕಾಲುಗಳಲ್ಲಿ ಮಾತ್ರ ಸ್ವಲ್ಪ ಎಳೆತ ಕಾಣುತ್ತದೆ. ಆದರೆ ಕಷ್ಟ ಶಟರಿನಿಂದ ಫೋಕಸ್‌ಗೆ ದಾಟಿಕೊಳ್ಳುತ್ತದೆ. ಪೂರ್ಣ ಅಳತೆಯ ಸೆನ್ಸರ್ ಇರುವ ಕ್ಯಾಮೆರಾದಲ್ಲಿ 200 ಮಿ.ಮೀ. ಲೆನ್ಸನ್ನು ಎಫ್ 2.8ಕ್ಕೆ ಇಟ್ಟು 20 ಮೀಟರ್ ದೂರದ ಕೋಣಕ್ಕೆ ಫೋಕಸ್ ಮಾಡಿದರೆ ಚೂಪಾಗಿ ಕಾಣುವ ಪಟ್ಟಿ ಸುಮಾರು 1.7 ಮೀಟರ್ ಮಾತ್ರ. ಸೆಕೆಂಡಿಗೆ 10.5 ಮೀಟರ್ ಓಡುವ ಜೋಡಿ ಆ ಪಟ್ಟಿಯನ್ನು 0.16 ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಇನ್ನೊಂದು ಸಂಗತಿ ಗಮನಿಸಿ. ಕೋಣದ ಮೂತಿಗೂ ಹಿಂದೆ ಓಡುವವನ ಮುಖಕ್ಕೂ ನಡುವಿನ ಅಂತರವೇ ಆ ಪಟ್ಟಿಗಿಂತ ಹೆಚ್ಚು. ಎರಡೂ ಒಟ್ಟಿಗೆ ಚೂಪಾಗಿ ಬರುವುದಿಲ್ಲ, ಒಂದನ್ನು ಆರಿಸಿಕೊಳ್ಳಲೇಬೇಕು.

ಇದಕ್ಕೆ ನಾನು ಕಂಡುಕೊಂಡ ದಾರಿ ದೂರದಿಂದಲೇ ಹಿಡಿಯುವುದು. 30 ಮೀಟರ್ ದೂರದಲ್ಲಿ ಅದೇ ಲೆನ್ಸಿನ ಪಟ್ಟಿ ಸುಮಾರು 3.8 ಮೀಟರ್‌ಗೆ ಬೆಳೆಯುತ್ತದೆ. ಆಗ ಫ್ರೇಮಿನ ಅಗಲ 5.4 ಮೀಟರ್, ಜೋಡಿಯ ಎರಡೂ ಪಕ್ಕ ಚಿಮ್ಮುವ ನೀರಿಗೂ ಜಾಗ ಸಿಗುತ್ತದೆ. ಹತ್ತಿರ ಬಂದಷ್ಟೂ ಒಳ್ಳೆಯ ಚಿತ್ರ ಎಂಬ ಆಸೆಯನ್ನು ಬಿಡಿ. 35 ಮೀಟರಿಗೆ ಬರುವ ಮೊದಲೇ ಫೋಕಸ್ ಕಚ್ಚಿಕೊಂಡಿರಲಿ, 30ರ ಆಸುಪಾಸಿನಲ್ಲಿ ಬರ್ಸ್ಟ್ (ಒಂದೇ ಸಮನೆ ತೆಗೆಯುವ ಚಿತ್ರಗಳ ಸರಣಿ) ಮುಗಿಯಲಿ. ನಾನು ಮನುಷ್ಯನ ಮುಖವನ್ನು ಆರಿಸಿಕೊಳ್ಳುತ್ತೇನೆ. ಬೇರೆಯವರು ಕೋಣದ ಕಣ್ಣನ್ನು ಆರಿಸುತ್ತಾರೆ. ಹಲ್ಲುಕಚ್ಚಿ, ಕೆಸರಿನಲ್ಲಿ ಕಣ್ಣು ಅರೆಮುಚ್ಚಿ ಓಡುವವನ ಮುಖದಲ್ಲಿ ಆ 13 ಸೆಕೆಂಡುಗಳೆಲ್ಲ ಬರೆದಿರುತ್ತವೆ. ನನಗೆ ಅದಕ್ಕಿಂತ ದೊಡ್ಡ ಚಿತ್ರ ಕಂಬಳದಲ್ಲಿ ಕಂಡಿಲ್ಲ.

ಹಾಗೆಂದು ಮಂಜೊಟ್ಟಿಯ ಎದುರಿಗೇ ಹೋಗಿ ನಿಲ್ಲಬೇಡಿ. ಮೊದಲ ವರ್ಷ ನಾನು ಅಲ್ಲಿ ಮಂಡಿಯೂರಿ ಕೂತಿದ್ದಾಗ ಹಿರಿಯರೊಬ್ಬರು ತೋಳು ಹಿಡಿದು ಎಬ್ಬಿಸಿದರು. "ಇಲ್ಲಿ ಕೂರ್ಬೇಡಿ ಮಾರಾಯ್ರೆ. ಓಟ ಮುಗಿಯುವುದು ಅಲ್ಲಿ, ಕೋಣ ನಿಲ್ಲುವುದು ನೀವು ಕೂತಲ್ಲಿ" ಎಂದರು. ಮುಂದಿನ ಜೋಡಿ ಬಂದಾಗ ಅದು ಅಕ್ಷರಶಃ ನಿಜವಾಯಿತು. ಕೋಣಗಳು ಗೆರೆ ದಾಟಿದ ಮೇಲೂ ಏರಿನಲ್ಲಿ ಓಡುತ್ತವೆ, ಹಿಡಿಯುವವರು ಎರಡೂ ಕಡೆಯಿಂದ ನುಗ್ಗುತ್ತಾರೆ. ಅಂದಿನಿಂದ ಮಂಜೊಟ್ಟಿಯ ಪಕ್ಕಕ್ಕೆ, ಜನ ನಿಲ್ಲುವ ಎತ್ತರದ ಬದುವಿನ ಮೇಲೆ, ಸ್ವಲ್ಪ ಓರೆಯಾಗಿ ನಿಲ್ಲುತ್ತೇನೆ. ಆ ಓರೆ ಕೋನದಲ್ಲಿ ಅಡ್ಡ ಚಲನೆ ಮತ್ತೆ ಸ್ವಲ್ಪ ಸೇರಿಕೊಳ್ಳುತ್ತದೆ, ಆದ್ದರಿಂದ ಶಟರ್ 1/1250ಕ್ಕೆ ಏರಿಸಿಕೊಳ್ಳಿ. ಮೊದಲು ಅಲ್ಲಿರುವ ಸ್ವಯಂಸೇವಕರನ್ನು ಕೇಳಿ, ಆಮೇಲೆ ಚೀಲ ಇಳಿಸಿ.

ಪ್ಯಾನಿಂಗ್‌ಗೆ ಬದಿಯ ಜಾಗವೇ ಸರಿ. ಕ್ಯಾಮೆರಾವನ್ನು ಕೋಣದ ಜೊತೆಗೇ ತಿರುಗಿಸುತ್ತ 1/40ರಲ್ಲಿ ಒತ್ತಿದರೆ ಕೋಣ ನಿಂತಂತೆ, ಜನ ಬಣ್ಣದ ಗೆರೆಗಳಾಗಿ ಬರುತ್ತಾರೆ. ಇಲ್ಲೂ ದೂರದ ಲೆಕ್ಕವಿದೆ. 15 ಮೀಟರ್ ದೂರದಲ್ಲಿ ನಿಂತರೆ ಜೋಡಿ ನಿಮ್ಮ ಎದುರು ಹಾಯುವಾಗ ಸೆಕೆಂಡಿಗೆ 40 ಡಿಗ್ರಿಯಷ್ಟು ತಿರುಗಬೇಕು. 30 ಮೀಟರ್ ದೂರಕ್ಕೆ ಹೋದರೆ 20 ಡಿಗ್ರಿ ಸಾಕು. ಕಲಿಯುವವರು ಹಿಂದಕ್ಕೆ ಹೋಗಿ ಕಲಿಯಿರಿ. ಸೊಂಟದಿಂದ ಮೇಲೆ ತಿರುಗಿ, ಪಾದ ಮಂಜೊಟ್ಟಿಯ ಕಡೆಗೆ ಇರಲಿ. ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ.

ಕನೆ ಹಲಗೆ ಬೇರೆಯೇ ಲೋಕ. ಇಲ್ಲಿ ಸ್ಪರ್ಧೆ ವೇಗದ್ದಲ್ಲ, ನೀರಿನ ಎತ್ತರದ್ದು. ಹಲಗೆಯ ತೂತುಗಳಿಂದ ಚಿಮ್ಮುವ ನೀರು ಮೇಲೆ ಕಟ್ಟಿದ ನಿಶಾನೆಯ ಬಟ್ಟೆಯನ್ನು ಮುಟ್ಟಬೇಕು, 6.5 ಕೋಲು, 7.5 ಕೋಲು ಎಂದು (ಕೋಲು ಇಲ್ಲಿನ ಅಳತೆ) ಎತ್ತರ ಗೊತ್ತುಮಾಡಿರುತ್ತಾರೆ. ಚಿತ್ರದಲ್ಲಿ ನಿಶಾನೆ ಇಲ್ಲದಿದ್ದರೆ ನೀರು ಎಷ್ಟು ಎತ್ತರ ಹೋಯಿತೆಂದು ನೋಡುವವರಿಗೆ ತಿಳಿಯುವುದೇ ಇಲ್ಲ, ಆದ್ದರಿಂದ ಕ್ಯಾಮೆರಾ ಲಂಬವಾಗಿ ಹಿಡಿಯಿರಿ, ದೂರದ್ದನ್ನು ಹಿಡಿಯುವ ಟೆಲಿ ಲೆನ್ಸ್ ಬಿಟ್ಟು 35 ಅಥವಾ 50 ಮಿ.ಮೀ. ಹಾಕಿ. ಭೌತಶಾಸ್ತ್ರ ಇಲ್ಲಿ ನಮ್ಮ ಪರವಾಗಿದೆ. 5 ಮೀಟರ್ ಎತ್ತರಕ್ಕೆ ಚಿಮ್ಮಿದ ಹನಿ ತುದಿ ಮುಟ್ಟಲು ಸುಮಾರು 1 ಸೆಕೆಂಡ್ ಬೇಕು, ತುದಿಯಲ್ಲಿ ಅದರ ಮೇಲ್ಮುಖ ವೇಗ ಸೊನ್ನೆ. ಹಲಗೆ ಹಾದ ತಕ್ಷಣ ಬೆರಳು ತೆಗೆಯಬೇಡಿ. ಅತ್ಯಂತ ಎತ್ತರದ ನೀರು ಆಮೇಲೆ ಬರುತ್ತದೆ, ಮತ್ತು ಅದು 1/500ರಲ್ಲೂ ಮುತ್ತಿನಂತೆ ಬಿಡಿಬಿಡಿಯಾಗಿ ನಿಲ್ಲುತ್ತದೆ. ರಾತ್ರಿಯಾದರೆ ದೀಪದ ಕಂಬ ನೀರಿನ ಹಿಂದೆ ಬರುವಂತೆ ನಿಲ್ಲಿ. ಮುಂದಿನಿಂದ ಬೆಳಕು ಬಿದ್ದ ನೀರು ಕಂದು ಕೆಸರು, ಹಿಂದಿನಿಂದ ಬಿದ್ದರೆ ಬೆಳ್ಳಿ.

ರಾತ್ರಿಯ ಬೆಳಕಿನ ಬಗ್ಗೆ ಎರಡು ಮಾತು. ನಮ್ಮ ವಿದ್ಯುತ್ 50 ಹರ್ಟ್ಸ್, ಹಾಗಾಗಿ ಹಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದ ಈ ಮಿನುಗು 1/1000ರ ಶಟರಿಗೆ ಸಿಕ್ಕಿಬೀಳುತ್ತದೆ: ಒಂದೇ ಬರ್ಸ್ಟಿನ ಒಂದು ಚಿತ್ರ ಬೆಳ್ಳಗೆ, ಮುಂದಿನದು ಹಳದಿ ಮಬ್ಬು. ಕ್ಯಾಮೆರಾದಲ್ಲಿ ಆಂಟಿ-ಫ್ಲಿಕರ್ ಇದ್ದರೆ ಹಾಕಿ. ಎರಡನೆಯದು ಎಕ್ಸ್‌ಪೋಷರ್. ಕಪ್ಪು ಕೋಣ ಫ್ರೇಮ್ ತುಂಬಿದಾಗ ಕ್ಯಾಮೆರಾ ಕತ್ತಲೆಯೆಂದು ತಿಳಿದು ಬೆಳಕು ಏರಿಸುತ್ತದೆ, ನೀರಿನ ಬಿಳುಪು ಪೂರ್ತಿ ಸುಟ್ಟುಹೋಗುತ್ತದೆ. ಮ್ಯಾನುಯಲ್ ಇಟ್ಟು, ಓಡುವವನ ಮೈಬಣ್ಣಕ್ಕೆ ಹೊಂದಿಸಿ, ಹಾಗೇ ಬಿಟ್ಟುಬಿಡಿ. ನಾನು ಸಾಮಾನ್ಯವಾಗಿ ಎಫ್ 2.8, 1/1000, ಐಎಸ್ಒ 6400ರಿಂದ ಶುರುಮಾಡುತ್ತೇನೆ.

ಫ್ಲ್ಯಾಶ್ ಮಾತ್ರ ಬೇಡವೇ ಬೇಡ. ಪೂರ್ಣ ವೇಗದಲ್ಲಿರುವ ಪ್ರಾಣಿಯ ಕಣ್ಣಿಗೆ ಬೆಳಕು ಹೊಡೆಯುವುದು ಕೋಣಕ್ಕೂ ಓಡಿಸುವವನಿಗೂ ಅಪಾಯ. 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕಂಬಳ ನಿಂತಿತು, 2017ರ ರಾಜ್ಯದ ತಿದ್ದುಪಡಿಯಿಂದ ಮತ್ತೆ ದಾರಿಯಾಯಿತು, 2023ರ ಮೇ ತಿಂಗಳಲ್ಲಿ ನ್ಯಾಯಾಲಯ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಪ್ರಾಣಿಗೆ ಹಿಂಸೆಯಾಗುತ್ತದೆಯೇ ಎಂಬುದೇ ಅಲ್ಲಿನ ಪ್ರಶ್ನೆಯಾಗಿತ್ತು. ಕಂಡದ್ದನ್ನು ಕಂಡ ಹಾಗೆ ತೆಗೆಯುವುದು ನಮ್ಮ ಕೆಲಸ. ಓಟದ ಚಿತ್ರದ ಜೊತೆಗೆ, ಓಟ ಮುಗಿಸಿದ ಕೋಣಗಳಿಗೆ ನೀರು ಹೊಯ್ದು ಮೈ ಉಜ್ಜುವ ಮನೆಯವರ ಚಿತ್ರವನ್ನೂ ತೆಗೆಯಿರಿ. ಬಾಡಿದ ಕೋಣ ಕಂಡರೆ ಅದನ್ನೂ ಬಿಡಬೇಡಿ.

ಸಲಕರಣೆಯಲ್ಲಿ ಒಂದೇ ಒಂದು ಎಚ್ಚರಿಕೆ. ಎಸಿ ಬಸ್ಸಿನಿಂದ ಕರಾವಳಿಯ ಸೆಕೆಗೆ ಇಳಿದ ಕೂಡಲೇ ಲೆನ್ಸ್ ಹೊರತೆಗೆದರೆ ಗಾಜಿನ ಮೇಲೆಲ್ಲ ಮಂಜು ಕೂರುತ್ತದೆ. ಒಮ್ಮೆ ಬೆಳಗಿನ ಮೊದಲ ಓಟಗಳೆಲ್ಲ ನನ್ನ ಕೈತಪ್ಪಿದ್ದು ಇದರಿಂದಲೇ. ಚೀಲದ ಜಿಪ್ ತೆಗೆಯದೆ ಅರ್ಧ ಗಂಟೆ ಹೊರಗಿಡಿ, ಅಷ್ಟರಲ್ಲಿ ಚಹಾ ಕುಡಿಯಬಹುದು.

ಇನ್ನು ಭಾನುವಾರ. ಫೈನಲ್‌ಗಳು ಹೆಚ್ಚಾಗಿ ಬೆಳಗಿನ ಹೊತ್ತಿಗೆ ಬರುತ್ತವೆ. ಮುಗಿದ ಮೇಲೆ ನಿದ್ದೆ ಮಾಡಿ, ಇಳಿಹೊತ್ತಿಗೆ ಹೊರಡಿ. ಮೂಡುಬಿದಿರೆಯಲ್ಲಿದ್ದರೆ 1430ರ ಸಾವಿರ ಕಂಬದ ಬಸದಿ ಅಲ್ಲೇ ಇದೆ. ಸುಮಾರು 18 ಕಿ.ಮೀ. ಹೋದರೆ ಕಾರ್ಕಳದಲ್ಲಿ 1432ರಲ್ಲಿ ನಿಂತ 42 ಅಡಿ ಎತ್ತರದ ಬಾಹುಬಲಿ. ಕೋಣ ಓಡುತ್ತದೆ, ಕಲ್ಲು ಓಡುವುದಿಲ್ಲ, ಇಲ್ಲಿ ಓಡುವುದು ಬೆಳಕು. ನಡುಮಧ್ಯಾಹ್ನ ಬಾಹುಬಲಿಯ ಹುಬ್ಬಿನ ನೆರಳು ಕಣ್ಣುಗಳನ್ನೇ ನುಂಗಿಬಿಡುತ್ತದೆ, ಬಸದಿಯ ಕಂಬದ ಕೆತ್ತನೆ ಚಪ್ಪಟೆಯಾಗುತ್ತದೆ. ಬೆಳಕು ಓರೆಯಾಗಿ ಬಿದ್ದಾಗ ಕಲ್ಲಿನ ಒಂದೊಂದು ಉಳಿಯ ಗುರುತೂ ಏಳುತ್ತದೆ. ಬಸದಿಯ ಒಳಗೆ ತೆಗೆಯುವ ಮುನ್ನ ಅಲ್ಲಿನವರನ್ನು ಕೇಳಿ.

ಮುಲ್ಕಿಯ ಕಡೆ ಹೋದವರಿಗೆ ಸಸಿಹಿತ್ಲು ಇದೆ. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಜಾಗ. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದದ್ದು ಅಲ್ಲೇ. ಪಶ್ಚಿಮ ಕರಾವಳಿಯಲ್ಲಿ ಬೆಳಗಿನ ಸೂರ್ಯ ದಡದಲ್ಲಿ ನಿಂತ ನಿಮ್ಮ ಬೆನ್ನಿಗಿರುತ್ತಾನೆ, ದಡದತ್ತ ಬರುವ ಸರ್ಫರ್‌ನ ಮುಖಕ್ಕೆ ಬೆಳಕು ಬೀಳುತ್ತದೆ. ಮುಖ ಬೇಕಾದರೆ ಬೆಳಿಗ್ಗೆಯೇ ಹೋಗಿ. ಸಂಜೆ ಅವನು ಬರೀ ಕಪ್ಪು ಆಕೃತಿ, ಆದರೆ ಅವನ ಹಿಂದಿನ ಅಲೆಯ ಅಂಚು ಗಾಜಿನಂತೆ ಹಸಿರಾಗಿ ಬೆಳಗುತ್ತದೆ. ಕನೆ ಹಲಗೆಯ ನೀರಿಗೆ ದೀಪ ಮಾಡಿದ ಕೆಲಸವನ್ನು ಇಲ್ಲಿ ಸೂರ್ಯ ಮಾಡುತ್ತಾನೆ.

ವಾಪಸು ಬಸ್ಸಿನಲ್ಲಿ ಮಾಡಬೇಕಾದ ಕೆಲಸವೊಂದು ಉಳಿದಿದೆ, ಅಡಿಬರಹ. ಕಂಬಳದಲ್ಲಿ ಧ್ವನಿವರ್ಧಕದವರು ಪ್ರತಿ ಓಟಕ್ಕೂ ವಿಭಾಗ, ಯಾವ ಕರೆ, ಕೋಣ ಯಾವ ಮನೆಯದು, ಓಡಿಸುವವರು ಯಾರು ಎಂದು ತುಳುವಿನಲ್ಲಿ ಕೂಗಿ ಹೇಳುತ್ತಾರೆ. ತುಳು ಬಾರದ ನಾನು ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಚಿತ್ರದ ಸಮಯದೊಂದಿಗೆ ಹೊಂದಿಸಿ ಬರೆಯುತ್ತೇನೆ. ಕಳೆದ ವರ್ಷ ಕೋಣದ ಯಜಮಾನರೊಬ್ಬರು ಫೋನ್ ಮಾಡಿದ್ದರು. ತೀರಿಹೋದ ತಮ್ಮ ಕೋಣದ ಚಿತ್ರ ಬೇಕಿತ್ತು ಅವರಿಗೆ. ಊರು, ನೇಗಿಲು ಕಿರಿಯ, ಚೆನ್ನಯ ಕರೆ, ರಾತ್ರಿ ಎರಡು ಗಂಟೆಯ ಸುಮಾರಿಗೆ ಎಂದರು. ಹುಡುಕಿದಾಗ ಎರಡು ನಿಮಿಷದಲ್ಲಿ ಸಿಕ್ಕಿತು.