ಜುಟ್ಟು ಕೆಂಪಗಿದೆ, ಮೊಟ್ಟೆ ಮಾತ್ರ ಇಲ್ಲ

"ಡಾಕ್ಟ್ರೇ, 25 ವಾರ ಆಯ್ತು. ಕೋಳಿ ಚೆನ್ನಾಗಿ ತಿಂತಿದೆ, ಜುಟ್ಟು ಕೆಂಪಗಿದೆ, ಮೊಟ್ಟೆ ಮಾತ್ರ ಏರ್ತಾನೇ ಇಲ್ಲ. ಕ್ಯಾಲ್ಸಿಯಂ ಜಾಸ್ತಿ ಮಾಡ್ಲಾ?" ಈ ಫೋನ್ ನನಗೆ ಬರುತ್ತಲೇ ಇರುತ್ತದೆ. ಅಷ್ಟರಲ್ಲಿ ಫೀಡ್ ಎರಡು ಸಲ ಬದಲಾಗಿರುತ್ತದೆ, ಲಿವರ್ ಟಾನಿಕ್‌ಗೆ ಸುಮ್ನೆ ದುಡ್ಡು ಸುರಿದಾಗಿರುತ್ತದೆ.

ಮರಿ ಬಂದ ಮೊದಲ ಎರಡು ವಾರ ಹೇಗಿದ್ದವು ಎಂದು ಕೇಳುತ್ತೇನೆ.

"ಸ್ವಲ್ಪ ಶೀತ ಆಗಿತ್ತು ಸಾರ್, ಆಮೇಲೆ ಸರಿಹೋಯ್ತು."

ಸರಿಹೋಗಿದ್ದು ಉಸಿರಾಟ ಮಾತ್ರ. ಐಬಿ, ಅಂದರೆ ಇನ್ಫೆಕ್ಷಿಯಸ್ ಬ್ರಾಂಕೈಟಿಸ್, ಕೋಳಿಗಳ ಕೊರೊನಾ ವೈರಸ್‌ನಿಂದ ಬರುವ ರೋಗ. 1931ರಲ್ಲೇ ಅಮೆರಿಕದಲ್ಲಿ ವರದಿಯಾಗಿತ್ತು. ಅದು ಗಂಟಲಲ್ಲೇ ನಿಲ್ಲುವುದಿಲ್ಲ. ಹೆಣ್ಣು ಮರಿಯಲ್ಲಿ ಎಡಗಡೆಯ ಅಂಡನಾಳ, ಅಂದರೆ ಮೊಟ್ಟೆ ರೂಪುಗೊಂಡು ಹೊರಬರುವ ದಾರಿ, ಒಂದೇ ಬೆಳೆಯುವುದು, ಆ ವಯಸ್ಸಿನಲ್ಲಿ ಅದು ದಾರದ ಹಾಗಿರುತ್ತದೆ. ವೈರಸ್ ಆಗಲೇ ಅದರೊಳಗೆ ಹೊಕ್ಕರೆ ಕೆಲವು ಮರಿಗಳಲ್ಲಿ ನಾಳ ಅಲ್ಲಲ್ಲಿ ಬೆಳೆಯದೆ ಕಟ್ಟಿಕೊಳ್ಳುತ್ತದೆ, ನೀರು ತುಂಬಿ ಚೀಲವಾಗುತ್ತದೆ. ಅಂಡಾಶಯ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಅದರ ಹಾರ್ಮೋನಿನಿಂದಲೇ ಜುಟ್ಟು ಕೆಂಪು. ಮೊಟ್ಟೆಯ ಹಳದಿ ತಯಾರಾಗುತ್ತದೆ, ಹೋಗಲು ದಾರಿಯಿಲ್ಲದೆ ಹೊಟ್ಟೆಯೊಳಗೆ ಬೀಳುತ್ತದೆ. ಕ್ಯಾಲ್ಸಿಯಂ ಬೇಕಿರುವುದು ಚಿಪ್ಪಿಗೆ. ಹಳದಿ ಚಿಪ್ಪು ಕಟ್ಟುವ ಜಾಗಕ್ಕೇ ಬರದಿದ್ದರೆ ಅದನ್ನು ಎಷ್ಟು ಕೊಟ್ಟು ಏನು ಪ್ರಯೋಜನ?

ಒಂದು ಫಾರಂನಲ್ಲಿ ಮಾಲೀಕರ ಎದುರೇ ಮೂರು ಕೋಳಿ ಕೊಯ್ದು ತೋರಿಸಿದೆ. ಎರಡರಲ್ಲಿ ತಿಳಿನೀರಿನ ಚೀಲ. ಅವರು ಮಾತೇ ಆಡಲಿಲ್ಲ. ಅವರ ಹೆಂಡತಿ ಒಳಗೆ ಹೋಗಿ ಬ್ರೂಡಿಂಗ್ ಪುಸ್ತಕ, ಅಂದರೆ ಮರಿಗಳನ್ನು ಬೆಚ್ಚಗಿಟ್ಟು ಸಾಕಿದ ದಿನಗಳ ದಾಖಲೆ, ತಂದರು. ಆರನೇ ದಿನದ ಸಾಲಿನಲ್ಲಿ ಅವರದೇ ಕೈಬರಹ: "ಮರಿ ಸೀನುತ್ತಿವೆ." ಅದನ್ನು ಯಾರೂ ನನಗೆ ಹೇಳಿರಲಿಲ್ಲ. ಎಲ್ಲ ಫಾರಂನಲ್ಲೂ ಇಂಥವರೊಬ್ಬರು ಇರಬೇಕು ಅನಿಸಿತು.

ಹಾಗಂತ ಮೊಟ್ಟೆ ಕಡಿಮೆಯಾದಾಗಲೆಲ್ಲ ಐಬಿ ಎನ್ನಬೇಡಿ. ಬೆಳಕು, ತೂಕ, ಫೀಡ್, ಬೇರೆ ವೈರಸ್, ಏನೂ ಇರಬಹುದು. ಕೊಯ್ದು ನೋಡದೆ ಫೋನಿನಲ್ಲಿ ನಾನು ಹೇಳುವುದಿಲ್ಲ.

"ಈಗ ಔಷಧಿ ಇಲ್ವಾ ಸಾರ್?" ಎಂದು ಪುಸ್ತಕ ತಂದ ಆಕೆ ಕೇಳಿದರು. ಇಲ್ಲಮ್ಮ, ಕೆಟ್ಟ ನಾಳ ಮತ್ತೆ ಬೆಳೆಯುವುದಿಲ್ಲ, ಹೊಟ್ಟೆಯೊಳಗಿನ ನೀರಿನ ಚೀಲದ ಭಾರಕ್ಕೆ ಪೆಂಗ್ವಿನ್ ಹಾಗೆ ನೆಟ್ಟಗೆ ನಿಲ್ಲುವ ಕೋಳಿಗಳನ್ನು ಬೇರೆ ಮಾಡಿ ಅಂದೆ. ಮುಂದಿನ ಬ್ಯಾಚ್‌ಗೆ ಮುಂಗಡ ಕೊಡುವ ಮೊದಲೇ ಹ್ಯಾಚರಿಯವರನ್ನು ಕೇಳಿ: ತಾಯಿ ಕೋಳಿಗೆ ಐಬಿ ಲಸಿಕೆ ಆಗಿದೆಯಾ, ಮರಿಗೆ ಮೊದಲ ದಿನವೇ ಹಾಕಿದ್ದಾರಾ, ವೈರಸ್‌ನ ಯಾವ ತಳಿಯ ಲಸಿಕೆ. ಮತ್ತೆ ಮರಿ ಬಂದ ಮೊದಲ ಎರಡು ವಾರ ದೊಡ್ಡ ಕೋಳಿ ಶೆಡ್‌ನ ಆಳುಗಳು ಮರಿ ಶೆಡ್‌ಗೆ ಕಾಲಿಡಬಾರದು.